ದೂರದ ದಾರಿಯ ಬೈಕಿಗೆ ಎಂಥ ಸೈಲೆನ್ಸರ್

ಮೋಟಾರ್‌ಸೈಕಲ್ಲಿನ ಹೊಗೆ ಹೊರಹೋಗುವ ಏರ್ಪಾಡು ಎಂಜಿನ್ನಿನ ತಲೆಯಲ್ಲೇ ಶುರುವಾಗುತ್ತದೆ. ಸಿಲಿಂಡರ್ ಹೆಡ್ಡಿಗೆ ಬಿಗಿದ ಬೆಂಡ್ ಪೈಪ್, ಅದರಲ್ಲಿ ಕೂತಿರುವ ಆಕ್ಸಿಜನ್ ಸೆನ್ಸರ್, ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್, ನಡುವಿನ ಜೋಡುಕೊಳವೆ, ಕೊನೆಗೆ ಸದ್ದು ನುಂಗುವ ಡಬ್ಬಿ. ಬಾಯಿಮಾತಿನಲ್ಲಿ ಇಷ್ಟಕ್ಕೂ ಸೈಲೆನ್ಸರ್ ಎಂದೇ ಹೆಸರು. ಅಂಗಡಿಯಲ್ಲಿ ಬದಲಾಯಿಸಿ ಕೊಡುವುದು ಬಹುಪಾಲು ಕೊನೆಯ ಡಬ್ಬಿಯನ್ನು ಮಾತ್ರ. ಆದರೆ ಇವೆಲ್ಲ ಒಂದಕ್ಕೊಂದು ಲೆಕ್ಕ ಹಾಕಿ ಮಾಡಿದ ಭಾಗಗಳಾದ್ದರಿಂದ, ಒಂದನ್ನು ಬದಲಿಸಿದಾಗ ಅದರ ಪರಿಣಾಮ ಎಳೆತ, ಮೈಲೇಜ್, ಬಿಸಿ, ಸದ್ದು ಎಲ್ಲದರ ಮೇಲೂ ಆಗುತ್ತದೆ. ಊರೊಳಗೆ ಓಡಾಡುವ ಗಾಡಿಯಲ್ಲಿ ಈ ವ್ಯತ್ಯಾಸ ಗಮನಕ್ಕೆ ಬಾರದೆ ಹೋಗಬಹುದು. ಹಿಂದೆ ಒಬ್ಬರನ್ನು ಕೂರಿಸಿಕೊಂಡು, ಎರಡೂ ಬದಿಗೆ ಚೀಲ ಕಟ್ಟಿಕೊಂಡು ದಿನಕ್ಕೆ ನಾನೂರು ಕಿಲೋಮೀಟರ್ ಹೊರಟವನಿಗೆ ಅದು ಪ್ರತಿ ಗಂಟೆಯೂ ಗೊತ್ತಾಗುತ್ತದೆ.

ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳಿಂದ ಹೊರಡುವ ದಾರಿಗಳು ಬೇರೆ ಬೇರೆ ಜಾತಿಯವು. ಶಿಗ್ಗಾವಿ, ಬಂಕಾಪುರಗಳ ಪಕ್ಕದಲ್ಲಿ ಹಾಯುವ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಗಂಟೆಗಟ್ಟಲೆ ಒಂದೇ ವೇಗ, ಒಂದೇ ಗೇರು. ಹಾನಗಲ್ಲಿನಿಂದ ಪಶ್ಚಿಮಕ್ಕೆ ತಿರುಗಿದರೆ ಶಿರಸಿ, ಅಲ್ಲಿಂದ ದೇವಿಮನೆ ಘಟ್ಟ ಇಳಿದು ಕುಮಟಾ. ಮಳೆಗಾಲದಲ್ಲಿ ಈ ದಾರಿಯ ಬಹುಪಾಲು ಒದ್ದೆಯಾಗಿಯೇ ಇರುತ್ತದೆ. ಹಿರೇಕೆರೂರಿನಿಂದ ದಕ್ಷಿಣಕ್ಕೆ ಶಿಕಾರಿಪುರ, ಮುಂದೆ ಸಾಗರ, ಜೋಗ. ಸವಣೂರಿನಿಂದ ಪೂರ್ವಕ್ಕೆ ಲಕ್ಷ್ಮೇಶ್ವರ, ಗದಗಿನ ಕಡೆಗೆ ಎರೆಹೊಲಗಳ ನಡುವಿನ ಬಯಲು ದಾರಿ. ಒಂದೇ ಪ್ರವಾಸದಲ್ಲಿ ಇವುಗಳಲ್ಲಿ ಎರಡು ಮೂರು ಬಗೆ ಸಿಗುವುದು ಸಾಮಾನ್ಯ. ಹಾಗಾಗಿ ಇಲ್ಲಿನ ಸವಾರನಿಗೆ ಬೇಕಾದದ್ದು ಒಂದು ತುದಿಯಲ್ಲಿ ಮಿಂಚುವ ಸೈಲೆನ್ಸರ್ ಅಲ್ಲ, ಕೆಳ ಆರ್‌ಪಿಎಂನಲ್ಲಿ ಎಳೆತ ಕೊಡುವ, ಮಳೆ ಕೆಸರು ತಡೆಯುವ, ದಿನವಿಡೀ ಕಿವಿಗೆ ಹಿಂಸೆಯಾಗದ ಸೈಲೆನ್ಸರ್.

ಕೊಳವೆಯೊಳಗೆ ನಡೆಯುವುದು

ಎಂಜಿನ್ನಿನ ಎಕ್ಸಾಸ್ಟ್ ವಾಲ್ವ್ ತೆರೆದ ಗಳಿಗೆ ಒತ್ತಡದ ಒಂದು ಅಲೆ ಕೊಳವೆಯಲ್ಲಿ ಓಡುತ್ತದೆ. ಬಿಸಿ ಹೊಗೆಯಲ್ಲಿ ಅದರ ವೇಗ ಸೆಕೆಂಡಿಗೆ 500 ಮೀಟರ್‌ಗೂ ಹೆಚ್ಚು. ಕೊಳವೆ ಅಗಲವಾಗುವ ಜಾಗ ಸಿಕ್ಕಾಗ ಆ ಅಲೆಯ ಒಂದು ಪಾಲು ತಿರುಗಿ ಎಳೆತದ ಅಲೆಯಾಗಿ ವಾಲ್ವಿನ ಕಡೆಗೆ ಬರುತ್ತದೆ. ಇನ್‌ಟೇಕ್, ಎಕ್ಸಾಸ್ಟ್ ವಾಲ್ವುಗಳೆರಡೂ ಕ್ಷಣಕಾಲ ಒಟ್ಟಿಗೆ ತೆರೆದಿರುವ ಹೊತ್ತಿಗೆ ಅದು ಬಂದು ಮುಟ್ಟಿದರೆ ಸಿಲಿಂಡರಿನಲ್ಲಿ ಉಳಿದ ಸುಟ್ಟ ಹೊಗೆಯನ್ನು ಹೊರಗೆಳೆದು ಹೊಸ ಮಿಶ್ರಣಕ್ಕೆ ಜಾಗ ಮಾಡುತ್ತದೆ. ಯಾವ ಆರ್‌ಪಿಎಂನಲ್ಲಿ ಈ ಹೊಂದಾಣಿಕೆ ಕೂಡಿಬರಬೇಕು ಎಂಬುದನ್ನು ಬೆಂಡ್ ಪೈಪಿನ ಉದ್ದ ಮತ್ತು ವ್ಯಾಸ ನಿರ್ಧರಿಸುತ್ತವೆ. ಉದ್ದನೆಯ, ಕಿರಿದಾದ ಕೊಳವೆ ಕೆಳಗಿನ ಆರ್‌ಪಿಎಂಗೆ ಒಲಿಯುತ್ತದೆ. ಗಿಡ್ಡ, ಅಗಲ ಕೊಳವೆ ಮೇಲಿನ ಆರ್‌ಪಿಎಂಗೆ.

ಎಂಜಿನ್ನಿಗೆ ಬ್ಯಾಕ್ ಪ್ರೆಶರ್ ಬೇಕೇಬೇಕು ಎಂಬ ಮಾತು ಗ್ಯಾರೇಜುಗಳಲ್ಲಿ ಬಹಳ ಕೇಳಿಬರುತ್ತದೆ. ಹೊರಹೋಗುವ ಹೊಗೆಯನ್ನು ತಡೆಯುವುದರಿಂದ ಯಾವ ಎಂಜಿನ್ನಿಗೂ ಲಾಭವಿಲ್ಲ. ಅದಕ್ಕೆ ಬೇಕಾದದ್ದು ಹೊಗೆಯ ವೇಗ ಮತ್ತು ಅಲೆ ಮರಳುವ ಸರಿಯಾದ ಹೊತ್ತು. ತೀರ ಅಗಲದ ಪೈಪ್ ಹಾಕಿದಾಗ, ಡಬ್ಬಿಯೊಳಗೆ ಸದ್ದು ತಡೆಯುವ ಬ್ಯಾಫಲ್ ಕಿತ್ತು ಬಿಸಾಡಿದಾಗ ಇವೆರಡೂ ಕೆಡುತ್ತವೆ. ಗಾಡಿ ಜೋರಾಗಿ ಗುಡುಗುತ್ತದೆ, ಆದರೆ ದೇವಿಮನೆ ಘಟ್ಟದ ತಿರುವಿನಲ್ಲಿ ಮೂರನೇ ಗೇರಿನಲ್ಲಿ ಏರುತ್ತಿದ್ದದ್ದು ಎರಡಕ್ಕೆ ಇಳಿಯಬೇಕಾಗುತ್ತದೆ. ಸದ್ದು ಹೆಚ್ಚಿದಾಗ ಶಕ್ತಿಯೂ ಹೆಚ್ಚಿದಂತೆ ಅನಿಸುವುದು ಕಿವಿಯ ಭ್ರಮೆ. ನಿಜವನ್ನು ಡೈನೋ ಯಂತ್ರದ ಮೇಲೆ ಅಳೆಯಬಹುದು. ಅದಿಲ್ಲದ ಊರಿನಲ್ಲಿ ಒಂದೇ ಏರು, ಒಂದೇ ಗೇರು, ಅಷ್ಟೇ ಹೊರೆ ಇಟ್ಟುಕೊಂಡು ಮೊದಲು ಮತ್ತು ನಂತರ ಹತ್ತಿ ನೋಡಿದರೆ ಸಾಕು.

ಡಬ್ಬಿಯೊಳಗೆ ಸದ್ದು ತಗ್ಗುವುದು ಎರಡು ಬಗೆಯಲ್ಲಿ. ಕಂಪನಿಯ ಸೈಲೆನ್ಸರಿನಲ್ಲಿ ಸಾಮಾನ್ಯವಾಗಿ ಕೋಣೆಗಳಿರುತ್ತವೆ. ಅಲೆಗಳು ಕೋಣೆಯಿಂದ ಕೋಣೆಗೆ ತಿರುಗಿ, ಒಂದಕ್ಕೊಂದು ಡಿಕ್ಕಿಯಾಗಿ ಕ್ಷೀಣಿಸುತ್ತವೆ. ಹೊರಗೆ ಕೊಳ್ಳುವ ಸ್ಪೋರ್ಟ್ಸ್ ಬಗೆಯವುಗಳಲ್ಲಿ ತೂತು ಕೊರೆದ ನೇರ ಕೊಳವೆಯ ಸುತ್ತ ಗ್ಲಾಸ್ ವೂಲ್ ತುಂಬಿರುತ್ತಾರೆ. ಈ ನಾರು ಬಿಸಿಗೆ ಕ್ರಮೇಣ ಸುಟ್ಟು, ಉದುರಿ ಹೊರಬೀಳುತ್ತದೆ. ಹತ್ತಿಪ್ಪತ್ತು ಸಾವಿರ ಕಿಲೋಮೀಟರ್ ಆಗುವ ಹೊತ್ತಿಗೆ ಮತ್ತೆ ತುಂಬಿಸದಿದ್ದರೆ ಸದ್ದು ದಿನೇ ದಿನೇ ಒಡೆದು ಕೇಳತೊಡಗುತ್ತದೆ. ವರ್ಷಕ್ಕೆ ಬಹಳ ದೂರ ತಿರುಗುವವರು ಕೊಳ್ಳುವ ಮುನ್ನ ಈ ಖರ್ಚನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಕರ್ನಾಟಕದ ಸವಾರರಿಗೆ ಸೈಲೆನ್ಸರಿನ ವಿದ್ಯೆ ಹೊಸದಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಜಾವಾ, ಯೆಜ್ಡಿಗಳನ್ನು ತಯಾರಿಸಿತು. ಅವುಗಳ 250 ಸಿಸಿ ಎಂಜಿನ್ನಿಗೆ ಸಿಲಿಂಡರ್ ಒಂದೇ, ಸೈಲೆನ್ಸರ್ ಎರಡು. ಟೂ ಸ್ಟ್ರೋಕ್ ಎಂಜಿನ್ನಾದ್ದರಿಂದ ಸುಡದೆ ಹೊರಜಾರುವ ಪೆಟ್ರೋಲ್ ಮಿಶ್ರಣವನ್ನು ಮರಳಿ ಒಳಗೆ ತಳ್ಳುವುದೂ ಕೊಳವೆಯೊಳಗಿನ ಅಲೆಯ ಕೆಲಸವಾಗಿತ್ತು. ಅಳತೆ ತಪ್ಪಿದ ಸೈಲೆನ್ಸರ್ ಹಾಕಿದರೆ ಗಾಡಿ ಏಳುತ್ತಲೇ ಇರಲಿಲ್ಲ. ಎಣ್ಣೆಯ ಮಸಿ ಕಟ್ಟಿಕೊಂಡಾಗ ಬ್ಯಾಫಲ್ ಹೊರತೆಗೆದು, ಕೆರೆದು ಸುಟ್ಟು ಮತ್ತೆ ಕೂರಿಸುವುದು ಆ ಕಾಲದ ಫಿಟ್ಟರ್‌ಗಳಿಗೆ ಮಾಮೂಲಿ ಕೆಲಸ. ಬುಲೆಟ್ ಸವಾರರ ನಡುವೆ ಶಾರ್ಟ್ ಬಾಟಲ್, ಲಾಂಗ್ ಬಾಟಲ್, ಗೋಲ್ಡ್ ಸ್ಟಾರ್, ಮೆಗಾಫೋನ್, ಪಂಜಾಬ್ ಎಂಬ ಹೆಸರುಗಳು ಇಂದಿಗೂ ಓಡಾಡುತ್ತವೆ. ಕಾರ್ಬ್ಯುರೇಟರ್ ಇದ್ದಷ್ಟು ದಿನ ಅವನ್ನು ಹಾಕಿ, ಪೆಟ್ರೋಲ್ ಹರಿಸುವ ಜೆಟ್ ಬದಲಿಸಿಕೊಂಡರೆ ಕೆಲಸ ಮುಗಿಯುತ್ತಿತ್ತು. 2020ರ ಏಪ್ರಿಲ್ 1ರಿಂದ ಹೊಗೆ ಮಿತಿಯ ಬಿಎಸ್ 6 ನಿಯಮ ಬಂದು, ಹೊಸ ಗಾಡಿಗಳಲ್ಲಿ ಪೆಟ್ರೋಲಿನ ಲೆಕ್ಕ ಸೆನ್ಸರಿನ ಕೈಗೆ ಹೋದ ಮೇಲೆ ಆ ದಾರಿ ಮುಚ್ಚಿತು.

ಸೆನ್ಸರ್ ಮತ್ತು ಕ್ಯಾಟಲಿಟಿಕ್ ಕನ್ವರ್ಟರ್

ಕ್ಯಾಟಲಿಟಿಕ್ ಕನ್ವರ್ಟರ್ ಎಂದರೆ ಜೇನುಹುಟ್ಟಿನಂಥ ಕಿರುಗಂಡಿಗಳ ಒಂದು ತುಂಡು. ಅದರ ಮೇಲೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೋಹಗಳ ತೆಳುಲೇಪ. ಸುಮಾರು 250ರಿಂದ 300 ಡಿಗ್ರಿ ಸೆಲ್ಸಿಯಸ್ ಬಿಸಿಯಾದ ಮೇಲೆ ಅದು ಕೆಲಸ ಶುರು ಮಾಡಿ ಕಾರ್ಬನ್ ಮಾನಾಕ್ಸೈಡ್, ಅರೆಬೆಂದ ಪೆಟ್ರೋಲ್ ಮತ್ತು ನೈಟ್ರೋಜನ್ನಿನ ಆಕ್ಸೈಡುಗಳನ್ನು ಕಡಿಮೆ ಹಾನಿಯ ಅನಿಲಗಳಾಗಿ ಮಾರ್ಪಡಿಸುತ್ತದೆ. ಆಕ್ಸಿಜನ್ ಸೆನ್ಸರ್ ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆದು ಎಂಜಿನ್ನಿನ ಎಲೆಕ್ಟ್ರಾನಿಕ್ ನಿಯಂತ್ರಕವಾದ ಇಸಿಯುಗೆ ಹೇಳುತ್ತದೆ. ಇಸಿಯು ಅದಕ್ಕೆ ತಕ್ಕಂತೆ ಪೆಟ್ರೋಲ್ ಹೆಚ್ಚು ಕಡಿಮೆ ಮಾಡುತ್ತದೆ. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಸಾಗುವಾಗ ಸಿಗುವ ಒಳ್ಳೆಯ ಮೈಲೇಜ್ ಈ ಇಬ್ಬರ ಮಾತುಕತೆಯ ಫಲ.

ಆದ್ದರಿಂದ ಸೈಲೆನ್ಸರ್ ಆಯ್ಕೆಯ ಮೊದಲ ಪ್ರಶ್ನೆ: ಆ ಗಾಡಿಯಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಎಲ್ಲಿದೆ? ಅದು ಬೆಂಡ್ ಪೈಪಿನಲ್ಲೋ ಎಂಜಿನ್ನಿನ ಅಡಿಯಲ್ಲೋ ಇದ್ದರೆ ಕೊನೆಯ ಡಬ್ಬಿ ಬದಲಾದರೂ ಹೊಗೆಯ ಶುದ್ಧಿಗೆ ದೊಡ್ಡ ಪೆಟ್ಟಿಲ್ಲ. ಡಬ್ಬಿಯೊಳಗೇ ಇದ್ದರೆ, ಡಬ್ಬಿ ಬದಲಿಸಿದ ದಿನವೇ ಅದೂ ಹೋದಂತೆ. ಬೆಂಡ್ ಪೈಪಿನ ಒಂದು ಭಾಗ ಉಬ್ಬಿಕೊಂಡಿದ್ದರೆ ಕನ್ವರ್ಟರ್ ಅಲ್ಲಿದೆ ಎಂದು ಸಾಮಾನ್ಯವಾಗಿ ಊಹಿಸಬಹುದು. ಖಚಿತ ಉತ್ತರಕ್ಕೆ ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಮಾದರಿ ಮತ್ತು ವರ್ಷ ಹೇಳಿ ಕೇಳಬೇಕು. ಒಂದೇ ಹೆಸರಿನ ಗಾಡಿಯ ಬಿಎಸ್ 4 ಮತ್ತು ಬಿಎಸ್ 6 ಆವೃತ್ತಿಗಳ ಸೈಲೆನ್ಸರ್‌ಗಳು ಬೇರೆಯಾಗಿರುತ್ತವೆ.

ಸೆನ್ಸರಿಗಿಂತ ಮುಂಚಿನ ಜೋಡಣೆಯಲ್ಲಿ ಸಣ್ಣ ಸೋರಿಕೆಯಾದರೂ ತೊಂದರೆ ದೊಡ್ಡದು. ಹೊರಗಿನ ಗಾಳಿ ಒಳಸೇರುವುದರಿಂದ ಸೆನ್ಸರ್ ಹೆಚ್ಚು ಆಮ್ಲಜನಕ ಕಾಣುತ್ತದೆ, ಪೆಟ್ರೋಲ್ ಕಡಿಮೆಯಾಗಿದೆ ಎಂದು ಇಸಿಯು ತಿಳಿದು ಇನ್ನಷ್ಟು ಸುರಿಯುತ್ತದೆ. ಮೈಲೇಜ್ ಏಕೆ ಬಿತ್ತೆಂದು ಸವಾರ ಏರ್ ಫಿಲ್ಟರ್, ಪ್ಲಗ್ ಎಲ್ಲ ಬದಲಿಸುತ್ತಾನೆ. ತಪ್ಪು ಇರುವುದು ಹಳೆಯ ಗ್ಯಾಸ್ಕೆಟ್ಟಿನಲ್ಲಿ. ಥ್ರಾಟಲ್ ಬಿಟ್ಟಾಗ ಪಟ್ ಪಟ್ ಎಂದು ಸಿಡಿಯುವುದಕ್ಕೂ ಬಹಳ ಸಲ ಇಂಥ ಸೋರಿಕೆಯೇ ಕಾರಣ. ಕಂಡುಹಿಡಿಯುವುದು ಸುಲಭ: ತಣ್ಣಗಿರುವ ಗಾಡಿಯನ್ನು ಚಾಲೂ ಮಾಡಿ, ದಪ್ಪ ಬಟ್ಟೆಯಿಂದ ಹಿಂದಿನ ಬಾಯಿಯನ್ನು ಒಂದೆರಡು ಸೆಕೆಂಡ್ ಮುಚ್ಚಿದರೆ ಸೋರುವ ಜಾಗದಿಂದ ಬುಸ್ ಎಂಬ ಸದ್ದು ಬರುತ್ತದೆ. ಜೋಡಣೆಯ ಸುತ್ತ ಕಪ್ಪು ಮಸಿಯ ಗುರುತಿದ್ದರೂ ಅದೇ ಸಾಕ್ಷಿ. ಸೈಲೆನ್ಸರ್ ಬಿಚ್ಚಿದ ಪ್ರತಿ ಸಲವೂ ಹೊಸ ಗ್ಯಾಸ್ಕೆಟ್ ಹಾಕುವುದು ಒಳ್ಳೆಯದು.

ಮುಂದಿರುವ ಆಯ್ಕೆಗಳು

ಗಾಡಿಯೊಂದಿಗೆ ಬಂದ ಸೈಲೆನ್ಸರನ್ನೇ ಉಳಿಸಿಕೊಳ್ಳುವುದು ಮೊದಲ ಆಯ್ಕೆ, ಹೆಚ್ಚಿನ ಪ್ರವಾಸಿ ಸವಾರರಿಗೆ ಸರಿಯಾದದ್ದೂ ಅದೇ. ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350, ಮೀಟಿಯೋರ್, ಹಿಮಾಲಯನ್, ಹೀರೋ ಎಕ್ಸ್‌ಪಲ್ಸ್, ಬಜಾಜ್ ಡೊಮಿನಾರ್‌ನಂಥ ಗಾಡಿಗಳ ಸೈಲೆನ್ಸರ್ ರೂಪಿಸಿದವರು ಕೆಳ ಮತ್ತು ನಡು ಆರ್‌ಪಿಎಂನ ಎಳೆತ, ಹೊಗೆ, ಸದ್ದು, ಹಿಂಬದಿ ಸವಾರರ ಕಾಲಿಗೆ ತಾಗುವ ಬಿಸಿ ಎಲ್ಲವನ್ನೂ ಸಾವಿರಾರು ಕಿಲೋಮೀಟರ್ ಓಡಿಸಿ ತೂಗಿರುತ್ತಾರೆ. ಅದರ ತೂಕ ಹೆಚ್ಚು ಎಂಬ ಒಂದು ದೂರು ನಿಜ. ಆದರೆ ಇಪ್ಪತ್ತು ಕಿಲೋ ಸಾಮಾನು ಹೇರಿದ ಗಾಡಿಯಲ್ಲಿ ಸೈಲೆನ್ಸರಿನ ಎರಡು ಕಿಲೋ ಉಳಿತಾಯಕ್ಕೆ ಅರ್ಥ ಕಡಿಮೆ; ಚೀಲದಿಂದ ಬೇಡದ ಎರಡು ವಸ್ತು ತೆಗೆದರೆ ಅಷ್ಟೇ ತೂಕ ಪುಕ್ಕಟೆ ಇಳಿಯುತ್ತದೆ.

ಬದಲಿಸಲು ನ್ಯಾಯವಾದ ಕಾರಣಗಳೂ ಇವೆ. ತುಕ್ಕು ತಿಂದು ತೂತಾಗಿರಬಹುದು. ಘಟ್ಟದಲ್ಲಿ ಬಿದ್ದು ಜಜ್ಜಿಹೋಗಿರಬಹುದು. ಬದಿಯ ಪೆಟ್ಟಿಗೆ ಕೂರಿಸಲು ಜಾಗ ಸಾಲದಿರಬಹುದು. ಆಗ ಎರಡನೆಯ ಆಯ್ಕೆಯಾಗಿ ಮೊದಲು ವಿಚಾರಿಸಬೇಕಾದದ್ದು ಕಂಪನಿಯ ಮೂಲ ಬಿಡಿಭಾಗ, ಆಮೇಲೆ ಕಂಪನಿಯೇ ಮಾರುವ ಪರ್ಯಾಯ. ರಾಯಲ್ ಎನ್‌ಫೀಲ್ಡ್ ತನ್ನ ಕೆಲವು ಮಾದರಿಗಳಿಗೆ ತಾನೇ ಬೇರೆ ಸೈಲೆನ್ಸರ್‌ಗಳನ್ನು ಮಾರುತ್ತದೆ. ಅವು ಆಯಾ ಗಾಡಿಗೆ ಅಳತೆ ಮಾಡಿ ತಯಾರಾದವು, ವಾರಂಟಿಯ ತಕರಾರೂ ಬರುವುದಿಲ್ಲ.

ಮೂರನೆಯದು ಸ್ಲಿಪ್ ಆನ್: ಬೆಂಡ್ ಪೈಪ್, ಸೆನ್ಸರ್, ಕನ್ವರ್ಟರ್ ಇದ್ದಲ್ಲೇ ಇದ್ದು ಕೊನೆಯ ಡಬ್ಬಿ ಮಾತ್ರ ಬದಲಾಗುತ್ತದೆ. ಇದರಿಂದ ಶಕ್ತಿ ಹೆಚ್ಚುವುದು ನಗಣ್ಯ. ಸಿಗುವುದು ತೂಕದ ಉಳಿತಾಯ, ರೂಪ, ಬೇರೆ ನಾದ. ಸ್ಲೊವೇನಿಯಾದ ಅಕ್ರಾಪೊವಿಚ್, ಇಟಲಿಯ ಆರೋ, ಎಸ್‌ಸಿ ಪ್ರಾಜೆಕ್ಟ್ ಈ ಕ್ಷೇತ್ರದ ದೊಡ್ಡ ಹೆಸರುಗಳು. ಬೆಂಗಳೂರಿನ ರೆಡ್ ರೂಸ್ಟರ್ ಪರ್ಫಾರ್ಮೆನ್ಸ್ ಭಾರತದ ಗಾಡಿಗಳಿಗೆಂದೇ ತಯಾರಿಸುತ್ತದೆ. ಡಿಬಿ ಕಿಲ್ಲರ್ ಎಂದು ಕರೆಯುವ, ಸದ್ದು ತಗ್ಗಿಸಲು ಬಾಯಿಗೆ ಕೂರಿಸುವ ಕಿರುಕೊಳವೆ ಇಲ್ಲದ ಸ್ಲಿಪ್ ಆನನ್ನು ದೂರಪ್ರಯಾಣಕ್ಕೆ ಪರಿಗಣಿಸಲೇಬಾರದು. ಯುರೋಪಿನ ಇ ಗುರುತು ಹೊತ್ತ ಸೈಲೆನ್ಸರ್ ಗುಣಮಟ್ಟದ ಸೂಚನೆ ಹೌದು. ಡಿಬಿ ಕಿಲ್ಲರ್ ಕಿತ್ತ ಕೂಡಲೇ ಆ ಗುರುತಿಗೆ ಬೆಲೆಯಿಲ್ಲ, ಭಾರತದ ಕಾನೂನಿನಲ್ಲಿ ಅದಕ್ಕೆ ತನ್ನಷ್ಟಕ್ಕೆ ಮಾನ್ಯತೆಯೂ ಇಲ್ಲ.

ಫುಲ್ ಸಿಸ್ಟಮ್ ಎಂದರೆ ಎಂಜಿನ್ನಿನ ತಲೆಯಿಂದ ಕೊನೆಯವರೆಗೆ ಎಲ್ಲವನ್ನೂ ಬದಲಿಸುವುದು. ಕನ್ವರ್ಟರ್ ಬಹುಪಾಲು ಹೋಗುತ್ತದೆ, ಇಸಿಯುಗೆ ಹೊಸ ಲೆಕ್ಕ ತುಂಬಿಸಬೇಕಾಗುತ್ತದೆ. ಬೆಂಗಳೂರಿನ ರೇಸ್ ಡೈನಮಿಕ್ಸ್ ತಯಾರಿಸುವ ಪವರ್‌ಟ್ರಾನಿಕ್‌ನಂಥ ಪೆಟ್ಟಿಗೆಗಳು ಈ ಕೆಲಸಕ್ಕೆ ಬಳಕೆಯಾಗುತ್ತವೆ. ರೇಸಿನ ಟ್ರ್ಯಾಕಿನಲ್ಲಿ ಇದಕ್ಕೆ ಅರ್ಥವಿದೆ. ಜೋಗಕ್ಕೋ ಗೋಕರ್ಣಕ್ಕೋ ಹೊರಟ ಗಾಡಿಗೆ ಇದು ಖರ್ಚು, ಕಾನೂನಿನ ತೊಡಕು, ದಾರಿಮಧ್ಯೆ ಕೆಟ್ಟರೆ ಸರಿಪಡಿಸುವವರಿಲ್ಲದ ಫಜೀತಿ.

ರಸ್ತೆಬದಿಯಲ್ಲಿ ತೂಗುಹಾಕಿ ಮಾರುವ ಅಗ್ಗದ ಸೈಲೆನ್ಸರ್‌ಗಳನ್ನು ಬಿಟ್ಟುಬಿಡುವುದೇ ಲೇಸು. ತಗಡು ತೆಳು, ಬೆಸುಗೆ ಒರಟು, ಒಳಗೆ ಅಲೆಯ ಲೆಕ್ಕವೇ ಇಲ್ಲ. ನಾಲ್ಕು ತಿಂಗಳಲ್ಲಿ ಕ್ರೋಮ್ ನೀಲಿಗಟ್ಟಿ, ಮೊದಲ ಮಳೆಗಾಲಕ್ಕೆ ಬೆಸುಗೆಯ ಸಾಲಿನಲ್ಲಿ ತುಕ್ಕು ಕಾಣಿಸುತ್ತದೆ.

ಲೋಹ, ಮಳೆ, ಎರೆಮಣ್ಣು

ಒಂದು ಲೀಟರ್ ಪೆಟ್ರೋಲ್ ಉರಿದಾಗ ಸುಮಾರು ಒಂದು ಲೀಟರ್ ನೀರು ಹುಟ್ಟುತ್ತದೆ. ಎಂಜಿನ್ ಚೆನ್ನಾಗಿ ಕಾದಿದ್ದರೆ ಅದು ಆವಿಯಾಗಿ ಹೊರಗೆ ಹೋಗುತ್ತದೆ. ಮನೆಯಿಂದ ಹೊಲಕ್ಕೆ, ಹೊಲದಿಂದ ಸಂತೆಗೆ ಎಂದು ಎರಡೆರಡು ಕಿಲೋಮೀಟರ್ ಓಡುವ ಗಾಡಿಯಲ್ಲಿ ಆ ನೀರು ಡಬ್ಬಿಯೊಳಗೆ ನಿಂತು, ಹೊಗೆಯ ಆಮ್ಲದೊಂದಿಗೆ ಬೆರೆತು ಒಳಗಿನಿಂದ ತುಕ್ಕು ಹಿಡಿಸುತ್ತದೆ. ಹೊರಗೆ ಹೊಳೆಯುತ್ತಿರುವ ಸೈಲೆನ್ಸರ್ ಒಂದು ದಿನ ಇದ್ದಕ್ಕಿದ್ದಂತೆ ಅಡಿಯಲ್ಲಿ ತೂತು ಬೀಳುವುದು ಹೀಗೆ. ಹಲವು ಸೈಲೆನ್ಸರ್‌ಗಳ ತಳದಲ್ಲಿ ನೀರಿಳಿಯಲು ಬಿಟ್ಟ ಸಣ್ಣ ರಂಧ್ರವಿರುತ್ತದೆ. ಸವಣೂರು, ಶಿಗ್ಗಾವಿಯ ಎರೆಮಣ್ಣು ಬಿಸಿ ಲೋಹಕ್ಕೆ ಅಂಟಿ, ಬೆಂದು ಗಟ್ಟಿಯಾದಾಗ ಮೊದಲು ಮುಚ್ಚಿಹೋಗುವುದು ಆ ರಂಧ್ರವೇ. ತೊಳೆದಾಗಲೆಲ್ಲ ಕಡ್ಡಿಯಿಂದ ಅದನ್ನು ಬಿಡಿಸಿಕೊಳ್ಳಬೇಕು. ತುಂಬಾ ದಿನ ನಿಂತ ಗಾಡಿಯನ್ನು ವಾರಕ್ಕೊಮ್ಮೆಯಾದರೂ ಹತ್ತಿಪ್ಪತ್ತು ಕಿಲೋಮೀಟರ್ ಓಡಿಸಿದರೆ ಡಬ್ಬಿ ಒಣಗುತ್ತದೆ. ನಿಂತಲ್ಲೇ ಐದು ನಿಮಿಷ ಚಾಲೂ ಇಡುವುದರಿಂದ ನೀರು ಇನ್ನಷ್ಟು ಸೇರುತ್ತದೆ.

ಲೋಹಗಳಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಪ್ರವಾಸಿ ಬೈಕಿಗೆ ಹೇಳಿಮಾಡಿಸಿದ್ದು. 304 ದರ್ಜೆಯದು ತುಕ್ಕು ಚೆನ್ನಾಗಿ ತಡೆಯುತ್ತದೆ. 409 ದರ್ಜೆಯದು ಅಗ್ಗ, ಮೇಲ್ಮೈ ಕಂದುಗಟ್ಟಿದರೂ ಬೇಗ ತೂತಾಗುವುದಿಲ್ಲ. ಟೈಟಾನಿಯಂ ಬಲು ಹಗುರ, ಬಲು ದುಬಾರಿ; ಬಿದ್ದು ಸೀಳಿದರೆ ಹಳ್ಳಿಯ ವೆಲ್ಡಿಂಗ್ ಅಂಗಡಿಯಲ್ಲಿ ಅದಕ್ಕೆ ಮದ್ದಿಲ್ಲ. ಕಾರ್ಬನ್ ಫೈಬರ್ ಹೊದಿಕೆ ಮುಟ್ಟಿದರೆ ಅಷ್ಟು ಸುಡದು, ಆದರೆ ಕಲ್ಲೇಟಿಗೆ ಬಿರುಕು ಬಿಡುತ್ತದೆ. ಮೈಲ್ಡ್ ಸ್ಟೀಲಿಗೆ ಕ್ರೋಮ್ ಬಳಿದದ್ದು ಬಯಲುಸೀಮೆಯಲ್ಲಿ ವರ್ಷಗಟ್ಟಲೆ ಬಾಳಬಹುದು. ಹಾನಗಲ್ಲಿನ ಅರೆಮಲೆನಾಡಿನಲ್ಲಿ ಅದರ ಬಾಳಿಕೆ ಕಡಿಮೆ, ಕುಮಟಾದ ಉಪ್ಪುಗಾಳಿಗೆ ಇನ್ನೂ ಕಡಿಮೆ.

ಸೈಲೆನ್ಸರ್ ಎಷ್ಟು ಎತ್ತರದಲ್ಲಿದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಮಳೆ ಜೋರಾದಾಗ ವರದಾ ನದಿ ತುಂಬಿ ತಗ್ಗು ಸೇತುವೆಗಳ ಮೇಲೆ ಹರಿಯುವುದನ್ನು ಈ ಭಾಗದವರು ಕಂಡಿದ್ದಾರೆ. ಅಂಥ ಹರಿವಿಗೆ ಬೈಕ್ ಇಳಿಸಬಾರದು. ಯಾವ ಸೈಲೆನ್ಸರೂ ಅಲ್ಲಿ ಕಾಪಾಡುವುದಿಲ್ಲ. ಮೊಣಕಾಲಿಗಿಂತ ತಗ್ಗಿನ ನಿಂತ ನೀರಿನಲ್ಲಿ ಎಂಜಿನ್ ಚಾಲೂ ಇರುವವರೆಗೆ ಹೊಗೆಯ ಒತ್ತಡ ನೀರನ್ನು ಹೊರಗೇ ತಡೆಯುತ್ತದೆ. ನಡುವೆ ಬಂದ್ ಬಿದ್ದು ಸೈಲೆನ್ಸರಿನ ಬಾಯಿ ಮುಳುಗಿದರೆ ಅಲ್ಲೇ ಮತ್ತೆ ಚಾಲೂ ಮಾಡಲು ಹೋಗದೆ, ದಂಡೆಗೆ ತಳ್ಳಿ ನೀರು ಬಸಿದು, ಪ್ಲಗ್ ಬಿಚ್ಚಿ ನೋಡಬೇಕು. ಎಕ್ಸ್‌ಪಲ್ಸ್‌ನಂತೆ ಮೇಲಕ್ಕೆತ್ತಿದ ಸೈಲೆನ್ಸರಿನ ಅನುಕೂಲ ಇರುವುದು ಇಲ್ಲಿ. ಅದರ ಬೆಲೆ ತೆರಬೇಕಾದದ್ದು ಚೀಲ ಕಟ್ಟುವಾಗ.

ಒಕ್ಕಣೆಯ ಕಾಲದಲ್ಲಿ ರಸ್ತೆ ಮೇಲೆ ಹರಡಿದ ಹುರುಳಿ ಸೊಪ್ಪು, ಒಣ ಹುಲ್ಲಿನ ಮೇಲೆ ಹಾಯುವಾಗ ಎಚ್ಚರ ಬೇಕು. ಬೆಂಡ್ ಪೈಪ್ ಮತ್ತು ಕನ್ವರ್ಟರಿನ ಬಳಿ ಸಿಕ್ಕಿಕೊಂಡ ಒಣ ಸೊಪ್ಪು ಹೊಗೆಯಾಡಿ ಹೊತ್ತಿಕೊಳ್ಳಬಲ್ಲದು. ಹಾದ ಮೇಲೆ ನಿಲ್ಲಿಸಿ, ಅಡಿಯಲ್ಲಿ ನೋಡಿ, ಕಡ್ಡಿಯಿಂದ ತೆಗೆದು ಮುಂದುವರಿಯುವುದು ಒಂದು ನಿಮಿಷದ ಕೆಲಸ. ಬಿಸಿ ಗಾಡಿಯನ್ನು ಹುಲ್ಲಿನ ಬಣವೆಯ ಪಕ್ಕ, ಒಣ ಹುಲ್ಲಿನ ಮೇಲೆ ನಿಲ್ಲಿಸಲೇಬಾರದು.

ಚೀಲ, ಕಾಲು, ಬಟ್ಟೆ

ಬದಿಯ ಚೀಲ ಸೈಲೆನ್ಸರಿಗೆ ತಾಗಿ ಕರಗುವುದು ಪ್ರವಾಸದಲ್ಲಿ ಪದೇ ಪದೇ ಕಾಣುವ ಅನಾಹುತ. ಅಂಗಡಿಯಲ್ಲಿ ಖಾಲಿ ಚೀಲ ಕಟ್ಟಿ ನೋಡಿದಾಗ ಬೇಕಾದಷ್ಟು ಅಂತರ ಕಾಣುತ್ತದೆ. ತುಂಬಿದ ಚೀಲ ಜೋಲುತ್ತದೆ, ಗುಂಡಿಯಲ್ಲಿ ಶಾಕ್ ಅಬ್ಸಾರ್ಬರ್ ಕುಸಿದಾಗ ಇನ್ನೂ ಒಳಸರಿಯುತ್ತದೆ. ಹಾಗಾಗಿ ಚೀಲ ತುಂಬಿ, ಹಿಂದೆ ಒಬ್ಬರನ್ನು ಕೂರಿಸಿ, ಸೀಟನ್ನು ಒತ್ತಿ ಅಳೆಯಬೇಕು. ಸ್ಯಾಡಲ್ ಸ್ಟೇ ಎಂದು ಕರೆಯುವ ಕಬ್ಬಿಣದ ಚೌಕಟ್ಟು ಮತ್ತು ಹೀಟ್ ಶೀಲ್ಡ್ ಇಲ್ಲದೆ ಬಟ್ಟೆಯ ಚೀಲ ಕಟ್ಟುವುದು ಅಪಾಯ. ಪಾತ್ರೆ, ಟೂಲ್ಸ್‌ನಂಥವನ್ನು ಸೈಲೆನ್ಸರ್ ಬದಿಗೂ ಬಟ್ಟೆ, ಔಷಧಿಯನ್ನು ಇನ್ನೊಂದು ಬದಿಗೂ ಇಡುವುದು ಒಳ್ಳೆಯ ರೂಢಿ. ಇಂಟರ್‌ಸೆಪ್ಟರ್ 650ರಂತೆ ಎರಡೂ ಬದಿ ಸೈಲೆನ್ಸರ್ ಇರುವ ಗಾಡಿಗೆ ಆ ಅನುಕೂಲವಿಲ್ಲ. ಅಲ್ಲಿ ಚೌಕಟ್ಟು ಎರಡೂ ಕಡೆ ಬೇಕು.

ಹಿಂಬದಿ ಸವಾರರ ಕಾಲು, ಸೀರೆಯ ಸೆರಗು, ಮಕ್ಕಳ ಮೀನಖಂಡ ಸೈಲೆನ್ಸರಿನ ಮೊದಲ ಬಲಿಗಳು. ಹೊಸ ಸೈಲೆನ್ಸರ್ ಕೊಳ್ಳುವಾಗ ಕಂಪನಿಯ ಸೈಲೆನ್ಸರ್ ಮೇಲಿದ್ದ ಹೊದಿಕೆಯಷ್ಟು ಅಗಲದ ಹೊದಿಕೆ ಇದೆಯೇ ಎಂದು ನೋಡಬೇಕು. ಸುಟ್ಟರೆ ಇಪ್ಪತ್ತು ನಿಮಿಷ ತಣ್ಣಗಿನ ಹರಿಯುವ ನೀರು ಬಿಡುವುದೇ ಮೊದಲ ಚಿಕಿತ್ಸೆ. ಟೂತ್‌ಪೇಸ್ಟ್, ಇಂಕು ಹಚ್ಚಬಾರದು.

ಸದ್ದಿನ ಅಳತೆ

350 ಸಿಸಿಯ ಒಂದೇ ಸಿಲಿಂಡರಿನ ಎಂಜಿನ್ 4,000 ಆರ್‌ಪಿಎಂನಲ್ಲಿ ನಿಮಿಷಕ್ಕೆ 2,000 ಸಲ, ಅಂದರೆ ಸೆಕೆಂಡಿಗೆ ಸುಮಾರು 33 ಸಲ ಸಿಡಿಯುತ್ತದೆ. ಈ ಕೆಳಸ್ವರದ ಮೊರೆತವನ್ನು ಹೆಲ್ಮೆಟ್ ತಡೆಯುವುದಿಲ್ಲ. ಅಂಗಡಿಯ ಮುಂದೆ ಎರಡು ನಿಮಿಷ ಥ್ರಾಟಲ್ ತಿರುವಿ ಕೇಳಿದಾಗ ಇಂಪಾಗಿದ್ದ ಬೀಟ್, ಹೆದ್ದಾರಿಯಲ್ಲಿ ಮೂರು ಗಂಟೆ ಒಂದೇ ಆರ್‌ಪಿಎಂನಲ್ಲಿ ಕೇಳಿಸಿಕೊಂಡಾಗ ತಲೆನೋವಾಗುತ್ತದೆ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಹೆಲ್ಮೆಟ್ಟಿನೊಳಗೆ ಗಾಳಿಯ ಸದ್ದೇ 90 ಡೆಸಿಬಲ್ ದಾಟುತ್ತದೆ. ದಿನಕ್ಕೆ ಎಂಟು ಗಂಟೆ 85 ಡೆಸಿಬಲ್ ಎಂಬುದು ಕಿವಿಯ ರಕ್ಷಣೆಗೆ ಪರಿಣತರು ಇಟ್ಟ ಮಿತಿ. ಪ್ರತಿ 3 ಡೆಸಿಬಲ್ ಏರಿಕೆಗೆ ಸುರಕ್ಷಿತ ಅವಧಿ ಅರ್ಧಕ್ಕಿಳಿಯುತ್ತದೆ, 94ಕ್ಕೆ ಉಳಿಯುವುದು ಒಂದೇ ಗಂಟೆ. ಗಾಳಿಯ ಸದ್ದಿನ ಮೇಲೆ ಸೈಲೆನ್ಸರಿನದನ್ನೂ ಹೇರಿಕೊಂಡವರಿಗೆ ರಾತ್ರಿ ಕಿವಿಯಲ್ಲಿ ಗುಂಯ್ ಎನ್ನುವುದು ಹಾನಿಯ ಮುನ್ಸೂಚನೆ. ಇಯರ್ ಪ್ಲಗ್ ಅಗ್ಗವಾಗಿ ಸಿಗುತ್ತದೆ, ದೂರ ಹೋಗುವವರೆಲ್ಲ ಬಳಸಬೇಕು.

ಜೋರು ಸದ್ದಿನಿಂದ ಎದುರಿನವರು ಎಚ್ಚೆತ್ತು ಅಪಘಾತ ತಪ್ಪುತ್ತದೆ ಎಂಬ ವಾದಕ್ಕೆ ಬಲ ಕಡಿಮೆ. ಸೈಲೆನ್ಸರಿನ ಬಾಯಿ ಇರುವುದು ಹಿಂದಕ್ಕೆ. ಕಿಟಕಿ ಏರಿಸಿ ಮುಂದೆ ಹೋಗುತ್ತಿರುವ ಕಾರು, ಲಾರಿಯವರಿಗೆ ಅದು ಕೇಳುವುದು ತಡವಾಗಿ. ಚಕ್ಕಡಿಯ ಎತ್ತಿಗೆ ಮಾತ್ರ ಬೇಗ ಕೇಳುತ್ತದೆ, ಬೆದರಿದ ಎತ್ತು ಯಾವ ಕಡೆ ತಿರುಗುವುದೋ ಹೇಳಲಾಗದು. ಬಂಕಾಪುರದ ಕೋಟೆಯೊಳಗಿನ ನವಿಲುಧಾಮ, ಶಿರಸಿ, ಯಲ್ಲಾಪುರದ ಕಾಡುದಾರಿ, ರಾತ್ರಿ ಹಾಯುವ ಹಳ್ಳಿಗಳು, ಆಸ್ಪತ್ರೆಗಳು ಎಲ್ಲವೂ ಪ್ರವಾಸದ ದಾರಿಯಲ್ಲೇ ಬರುತ್ತವೆ. ಸೈಲೆನ್ಸರ್ ಆಯ್ಕೆ ಆ ಜನರ, ಪ್ರಾಣಿಗಳ ನೆಮ್ಮದಿಯ ಪ್ರಶ್ನೆಯೂ ಹೌದು.

ಅಂಗಡಿಯಲ್ಲಿ ಹೋಲಿಸಿ ನೋಡಲು ಒಂದು ಸರಳ ಕ್ರಮವಿದೆ. ಸೈಲೆನ್ಸರಿನ ಬಾಯಿಯಿಂದ ಅರ್ಧ ಮೀಟರ್ ದೂರದಲ್ಲಿ, 45 ಡಿಗ್ರಿ ಓರೆಯಲ್ಲಿ, ಬಾಯಿಯ ಎತ್ತರಕ್ಕೆ ಫೋನ್ ಹಿಡಿದು, ಒಂದೇ ಆರ್‌ಪಿಎಂನಲ್ಲಿ ಹಳೆಯದನ್ನೂ ಹೊಸದನ್ನೂ ಅಳೆಯಬೇಕು. ಫೋನಿನ ಅಂಕಿ ಖಚಿತವಲ್ಲದಿದ್ದರೂ ಎರಡರ ನಡುವಿನ ವ್ಯತ್ಯಾಸ ನಂಬಬಹುದು. 10 ಡೆಸಿಬಲ್ ಹೆಚ್ಚಿದರೆ ಕಿವಿಗೆ ಸದ್ದು ಇಮ್ಮಡಿಯಾದಂತೆ.

ಕಾನೂನು

ಕೇಂದ್ರ ಮೋಟಾರು ವಾಹನ ನಿಯಮ 120ರ ಪ್ರಕಾರ ಪ್ರತಿ ವಾಹನಕ್ಕೂ ಸದ್ದು ತಗ್ಗಿಸುವ ಸೈಲೆನ್ಸರ್ ಕಡ್ಡಾಯ. ಪರಿಸರ ಸಂರಕ್ಷಣಾ ನಿಯಮಗಳು ತಯಾರಿಕೆಯ ಹಂತದಲ್ಲಿ ದ್ವಿಚಕ್ರ ವಾಹನದ ಸದ್ದಿಗೆ ಮಿತಿ ಹಾಕಿವೆ: 80 ಸಿಸಿವರೆಗೆ 75 ಡೆಸಿಬಲ್, 175 ಸಿಸಿವರೆಗೆ 77, ಅದಕ್ಕೂ ಮೇಲಿನ ಎಂಜಿನ್ನಿಗೆ 80. ಇದನ್ನು ಅಳೆಯುವುದು 7.5 ಮೀಟರ್ ದೂರದಲ್ಲಿ ಗಾಡಿ ಹಾಯ್ದುಹೋಗುವಾಗ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಕಂಪನಿ ನಿಗದಿ ಮಾಡಿದ ರಚನೆಯನ್ನು ಮಾಲೀಕ ಬದಲಿಸುವುದಕ್ಕೆ ತಡೆ ಹಾಕುತ್ತದೆ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಈ ಕಲಮನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ನಂತರ 182ಎ(4) ಕಲಂ ಅಡಿ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆ, ಇಲ್ಲವೇ ಎರಡೂ ಆಗಬಹುದು. ಸದ್ದು, ಹೊಗೆಯ ಮಿತಿ ಮೀರಿದರೆ 190(2) ಕಲಂ ಅಡಿ ಮೊದಲ ಸಲ 10,000 ರೂಪಾಯಿವರೆಗೆ ದಂಡ ಅಥವಾ ಮೂರು ತಿಂಗಳವರೆಗೆ ಸೆರೆ, ಇಲ್ಲವೇ ಎರಡೂ, ಜೊತೆಗೆ ಮೂರು ತಿಂಗಳು ಲೈಸೆನ್ಸ್ ಅನರ್ಹತೆ. ಸ್ಥಳದಲ್ಲೇ ಕಟ್ಟಿಸಿಕೊಳ್ಳುವ ದಂಡದ ಮೊತ್ತವನ್ನು ರಾಜ್ಯ ಸರ್ಕಾರ ನಿಗದಿ ಮಾಡುತ್ತದೆ. ರಾಜ್ಯದ ಹಲವು ಊರುಗಳಲ್ಲಿ ಪೊಲೀಸರು ಜಪ್ತಿ ಮಾಡಿದ ಸೈಲೆನ್ಸರ್‌ಗಳ ಮೇಲೆ ರೋಡ್ ರೋಲರ್ ಹಾಯಿಸಿ ಪುಡಿಗಟ್ಟಿದ್ದಾರೆ.

ವಿಮೆಯ ಕಡೆಯಿಂದಲೂ ಯೋಚಿಸಬೇಕು. ತಿಳಿಸದೆ ಮಾಡಿದ ಮಾರ್ಪಾಡು ಕ್ಲೇಮಿನ ಹೊತ್ತಿಗೆ ತಕರಾರಿಗೆ ದಾರಿ. ಹೊಗೆ ತಪಾಸಣೆಯ ಪ್ರಮಾಣಪತ್ರವನ್ನು ಹೊಸ ಸೈಲೆನ್ಸರ್ ಹಾಕಿದ ಬಳಿಕ ಮತ್ತೊಮ್ಮೆ ಪರೀಕ್ಷಿಸಿ ಪಡೆಯುವುದು ಕ್ಷೇಮ.

ಕೂರಿಸುವುದು ಮತ್ತು ದಾರಿಯ ದುರಸ್ತಿ

ಹೊಸ ಸೈಲೆನ್ಸರ್ ಕೂರಿಸಿದ ಕೂಡಲೇ ದೂರ ಹೊರಡಬಾರದು. ಮೊದಲ ನೂರು ಕಿಲೋಮೀಟರ್ ಹತ್ತಿರದಲ್ಲೇ ಓಡಿಸಿ, ತಣ್ಣಗಾದ ಮೇಲೆ ಎಲ್ಲ ಬೋಲ್ಟ್, ಕ್ಲಾಂಪ್ ಬಿಗಿ ನೋಡಬೇಕು; ಬಿಸಿಗೆ ಲೋಹ ಹಿಗ್ಗಿ ಕುಗ್ಗಿ ಅವು ಸಡಿಲಾಗುತ್ತವೆ. ಬ್ರಾಕೆಟ್ಟಿಗೂ ಫ್ರೇಮಿಗೂ ನಡುವಿನ ರಬ್ಬರ್ ಬುಷ್ ಬಿಟ್ಟು ಕಬ್ಬಿಣಕ್ಕೆ ಕಬ್ಬಿಣ ಬಿಗಿದರೆ ನಡುಕಕ್ಕೆ ಬ್ರಾಕೆಟ್ಟೇ ಸೀಳುತ್ತದೆ. ಸಿಲಿಂಡರ್ ಹೆಡ್ಡಿನ ಸ್ಟಡ್ಡುಗಳಿಗೆ ಕಾಪರ್ ಪೇಸ್ಟ್ ಹಚ್ಚಿದರೆ ಮುಂದೆ ಬಿಚ್ಚುವಾಗ ತುಂಡಾಗುವುದಿಲ್ಲ.

ದಾರಿಯಲ್ಲಿ ತೂತಾದರೆ ತಂಪು ಪಾನೀಯದ ಖಾಲಿ ಡಬ್ಬಿಯನ್ನು ಕತ್ತರಿಸಿ ಸುತ್ತಿ, ಎರಡು ಹೋಸ್ ಕ್ಲಾಂಪ್ ಬಿಗಿದರೆ ಮುಂದಿನ ಊರು ಮುಟ್ಟಬಹುದು. ಒಂದೆರಡು ಬೋಲ್ಟ್, ಒಂದು ಗ್ಯಾಸ್ಕೆಟ್, ಸ್ವಲ್ಪ ಜಿಐ ತಂತಿ ಟೂಲ್ ಚೀಲದಲ್ಲಿರಲಿ. ತಾಲ್ಲೂಕು ಕೇಂದ್ರದಲ್ಲಿ ವೆಲ್ಡಿಂಗ್ ಅಂಗಡಿ ಸಿಕ್ಕೇ ಸಿಗುತ್ತದೆ. ಅಲ್ಲಿ ಸೈಲೆನ್ಸರನ್ನು ಗಾಡಿಯಿಂದ ಬಿಚ್ಚಿಯೇ ವೆಲ್ಡ್ ಮಾಡಿಸಬೇಕು. ಬಿಚ್ಚಲಾಗದಿದ್ದರೆ ಬ್ಯಾಟರಿಯ ಎರಡೂ ತಂತಿ, ಇಸಿಯು ಕನೆಕ್ಟರ್ ಕಳಚಿಡದೆ ಆರ್ಕ್ ಹತ್ತಿಸಲು ಬಿಡಬಾರದು. ಒಂದು ಕಿಡಿಗೆ ಇಸಿಯು ಸುಟ್ಟುಹೋಗಬಹುದು. ಸ್ಟೇನ್‌ಲೆಸ್ಸಿಗೆ ಆರ್ಗಾನ್ ವೆಲ್ಡಿಂಗ್ ಆಗಬೇಕು, ಸಾಮಾನ್ಯ ರಾಡಿನ ಬೆಸುಗೆ ಒಂದು ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತದೆ. ಆರ್ಗಾನ್ ಕೆಲಸಕ್ಕೆ ಹುಬ್ಬಳ್ಳಿ ಅಥವಾ ದಾವಣಗೆರೆ, ಹಿರೇಕೆರೂರಿನ ಕಡೆಯವರಿಗೆ ಶಿವಮೊಗ್ಗ ಅನುಕೂಲ.

ತೆಗೆದ ಮೂಲ ಸೈಲೆನ್ಸರನ್ನು ಗುಜರಿಗೆ ಹಾಕಬಾರದು. ಒಳಗಿನ ನೀರು ಬಸಿದು, ಎರಡೂ ಬಾಯಿಗೆ ಎಣ್ಣೆ ಬಟ್ಟೆ ತುರುಕಿ ಒಣ ಜಾಗದಲ್ಲಿಟ್ಟರೆ ಕೆಡುವುದಿಲ್ಲ. ಗಾಡಿ ಮಾರುವಾಗ, ವಾರಂಟಿ ಕೇಳುವಾಗ, 15 ವರ್ಷ ತುಂಬಿದ ಮೇಲೆ ಹಾವೇರಿಯ ಆರ್‌ಟಿಒ ಕಚೇರಿಯಲ್ಲಿ ಕೆಎ 27 ನೋಂದಣಿ ನವೀಕರಿಸಲು ಗಾಡಿಯನ್ನು ತಪಾಸಣೆಗೆ ಒಯ್ಯುವಾಗ ಅದನ್ನೇ ಮತ್ತೆ ಕೂರಿಸಬೇಕಾಗುತ್ತದೆ.